ಸೀರೆ ಉಟ್ಟು ರೀಲ್ಸ್ ಮಾಡುವ ಹುಡುಗ ಇನ್‌ಫ್ಲುಯೆನ್ಸರ್‌ಗಳನ್ನು ನೋಡಿ ಕೆಟ್ಟನೇ?

ನಿಮ್ಮ ಅಕ್ಕನ ಮಗ ಹತ್ತನೇ ತರಗತಿ ಮುಗಿಸಿದ್ದಾನೆ. ಅಮ್ಮನ ಸೀರೆ ಉಟ್ಟು, ಕಾಡಿಗೆ ಹಚ್ಚಿ ರೀಲ್ಸ್ ಮಾಡುತ್ತಾನೆ, ಹನ್ನೊಂದು ಸಾವಿರ ಫಾಲೋವರ್‌ಗಳಿದ್ದಾರೆ. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅದನ್ನು ಹಾಕಿ ನಗೆಯಾಡಿದ ಮೇಲೆ ಭಾವ ಅವನ ಮೊಬೈಲ್ ಕಿತ್ತಿಟ್ಟುಕೊಂಡಿದ್ದಾರೆ. ಇನ್‌ಫ್ಲುಯೆನ್ಸರ್‌ಗಳನ್ನು ನೋಡಿ ನೋಡಿಯೇ ಹುಡುಗ ಹೀಗಾದನೇ ಎಂದು ನೀವು ಕೇಳಿದ್ದೀರಿ.

ನಾನು ಕಾರ್ಕಳದ ಕಡೆಯವನು. ಹಗಲು ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಶನಿವಾರ ರಾತ್ರಿ ಹವ್ಯಾಸಿ ಯಕ್ಷಗಾನ ತಂಡದಲ್ಲಿ ಸ್ತ್ರೀವೇಷ ಮಾಡುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಸಣ್ಣದೊಂದು ಖಾತೆಯೂ ಇದೆ. ಹಾಗಾಗಿ ಎರಡೂ ಕಡೆಯ ಚಪ್ಪಾಳೆ, ಎರಡೂ ಕಡೆಯ ಬೈಗುಳ ಗೊತ್ತು.

ಮೊದಲು ನಿಮ್ಮ ಭಯದ ವಿಷಯ. ಸೀರೆ ಉಡುವ ಆಸೆ ಮೊಬೈಲಿನಿಂದಲೇ ಬರಬೇಕೆಂದಿಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ನಮ್ಮ ಮನೆಯಲ್ಲಿ ಟಿವಿಯೇ ಇರಲಿಲ್ಲ. ಬಯಲಾಟದಲ್ಲಿ ಹೆಸರಾಂತ ಸ್ತ್ರೀವೇಷಧಾರಿ ಕೋಳ್ಯೂರು ರಾಮಚಂದ್ರ ರಾಯರ ವೇಷ ನೋಡಿ ಬಂದವನು ಮರುದಿನ ಅಪ್ಪನ ಬೈರಾಸನ್ನು ತಲೆಗೆ ಕಟ್ಟಿ ಜಡೆ ಮಾಡಿಕೊಂಡು ಅಂಗಳದಲ್ಲಿ ಕುಣಿದಿದ್ದೆ. ಅಪ್ಪ ಬೈಯಲಿಲ್ಲ. ಯಕ್ಷಗಾನ ಎಂಬ ಹೆಸರಿತ್ತಲ್ಲ, ಅದರ ನೆರಳಿನಲ್ಲಿ ನಾನು ಬಚಾವಾದೆ. ನಿಮ್ಮ ಹುಡುಗನಿಗೆ ಅಂಥದ್ದೊಂದು ನೆರಳಿಲ್ಲ, ಅಷ್ಟೇ.

ಹಾಗೆಂದು ಇನ್‌ಫ್ಲುಯೆನ್ಸರ್‌ಗಳಿಂದ ಏನೂ ಆಗುವುದಿಲ್ಲ ಎನ್ನುತ್ತಿಲ್ಲ. ಆಗುವುದು ಬೇರೆ ಕಡೆ.

ಆಟ ಮುಗಿದ ಮೇಲೆ ನಾವು ಚೌಕಿಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗೆ, ಬರುತ್ತೇವೆ. ಡಾಬು, ಕೇಶ ಬಿಚ್ಚಿ, ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖಕ್ಕೆ ತಿಕ್ಕಿದರೆ ಬಣ್ಣವೆಲ್ಲ ಕಲಸಿ ಹೋಗುತ್ತದೆ. ಹಳೇ ಪಂಚೆಯ ತುಂಡಿನಲ್ಲಿ ಒರೆಸಿದಾಗ ನಾನು ಮಾಡಿದ ಪಾತ್ರ, ಸುಧನ್ವನ ಹೆಂಡತಿ ಪ್ರಭಾವತಿ, ಬಟ್ಟೆಯಲ್ಲಿರುತ್ತಾಳೆ, ಕನ್ನಡಿಯಲ್ಲಿ ನಾನಿರುತ್ತೇನೆ. ಪಕ್ಕದಲ್ಲಿ ಕುಳಿತ ಹಿರಿಯರು, 'ಎರಡನೇ ಪದ್ಯಕ್ಕೆ ಅಷ್ಟು ನುಲಿಯಬೇಡ ಮಾರಾಯ, ಪ್ರಭಾವತಿ ಮನೆವಾರ್ತೆಯ ಹೆಂಗಸು' ಎನ್ನುತ್ತಾರೆ. ಆ ಒಂದು ಮಾತು ಸಿಗುವುದು ಚೌಕಿಯಲ್ಲೇ. ರೀಲ್ಸ್‌ಗೆ ಚೌಕಿಯಿಲ್ಲ. ಹುಡುಗ ಬಣ್ಣ ತೆಗೆದು ಮಲಗಿದ ಮೇಲೂ ಮೊಬೈಲಿನಲ್ಲಿ ಅವನ ವೇಷ ಕುಣಿಯುತ್ತಲೇ ಇರುತ್ತದೆ, ರಾತ್ರಿ ಎರಡು ಗಂಟೆಗೆ ಗುರುತಿಲ್ಲದವನೊಬ್ಬ ಬಂದು ಬೈದು ಹೋಗುತ್ತಾನೆ.

ಇನ್ನು ಎಣಿಕೆಯ ಕಾಟ. ನಾನು ಮೊದಲು ಹಾಕುತ್ತಿದ್ದದ್ದು ಬಣ್ಣಗಾರಿಕೆಯ ವಿಡಿಯೊಗಳು. ಹುಬ್ಬು ತಿದ್ದುವುದು, ತುರುಬಿಗೆ ಹೂ ಸಿಕ್ಕಿಸುವುದು, ಇಂಥವು. ನೋಡಿದವರು ಎರಡು ಮೂರು ಸಾವಿರ. ಒಮ್ಮೆ ಚೌಕಿಯಲ್ಲಿ ಚಹಾ ಕುಡಿಯುತ್ತ ತಮಾಷೆಗೆ ಸೊಂಟ ಕುಲುಕಿಸಿದ್ದನ್ನು ಗೆಳೆಯ ಚಿತ್ರೀಕರಿಸಿ ಕೊಟ್ಟ. ಹಾಕಿದೆ. ನಾಲ್ಕು ದಿನದಲ್ಲಿ ನಾಲ್ಕು ಲಕ್ಷ. ಆಮೇಲೆ ನಾನು ಮಾಡಿದ್ದೇನು ಗೊತ್ತೇ? ಮತ್ತೆ ಕುಲುಕಿಸಿದೆ. ಐದಾರು ತಿಂಗಳು ಅದೇ. ಕಡೆಗೊಂದು ದಿನ ರಂಗದ ಮೇಲೆ ದಮಯಂತಿಯ ದುಃಖದ ಪದ್ಯಕ್ಕೆ ನನ್ನ ಸೊಂಟ ತಾನಾಗಿ ಆಡಿತು. ಭಾಗವತರು ಪದ್ಯ ನಿಲ್ಲಿಸಲಿಲ್ಲ, ಆದರೆ ತಾಳ ಕುಟ್ಟುತ್ತ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ.

ಗಂಡು ಹೆಣ್ಣಿನ ವೇಷ ಹಾಕಿದರೆ ಅಂತರಜಾಲ ಸಿಟ್ಟಾಗುತ್ತದೆ ಎಂದುಕೊಂಡಿದ್ದರೆ ಅದೂ ಪೂರ್ತಿ ನಿಜವಲ್ಲ. ದೆಹಲಿಯ ಭುವನ್ ಬಾಮ್ 2015ರಲ್ಲಿ ಆರಂಭಿಸಿದ ಯೂಟ್ಯೂಬ್ ಚಾನೆಲ್‌ನಲ್ಲಿ ಅಮ್ಮನೂ ಅವರೇ, ಅಪ್ಪನೂ ಅವರೇ. ತಲೆಗೊಂದು ದುಪಟ್ಟಾ ಹಾಕಿಕೊಂಡರೆ ಅಮ್ಮ ಸಿದ್ಧ. ದೇಶ ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಕನ್ನಡದಲ್ಲೂ ಟವಲ್ ಹೊದ್ದು ಅತ್ತೆ, ಪಕ್ಕದ ಮನೆಯ ಆಂಟಿ ಆಗುವ ಹುಡುಗರಿಗೆ ಬರವಿಲ್ಲ. ಅದೆಲ್ಲ ನಗಿಸುವ ವೇಷ. ಹುಡುಗನೊಬ್ಬ ನಗಿಸದೆ, ಅಂದವಾಗಿ ಕಾಣಬೇಕೆಂದು ನೆರಿಗೆ ಹಿಡಿದಾಗಲೇ ಕಲ್ಲು ಬೀಳುವುದು. ಹೆಣ್ತನ ಗೇಲಿಯ ವಸ್ತುವಾಗಿರುವ ತನಕ ಯಾರಿಗೂ ತಕರಾರಿಲ್ಲ.

2020ರ ಮೇ ತಿಂಗಳು ನೆನಪಿದೆಯೇ? ಯೂಟ್ಯೂಬ್ ದೊಡ್ಡದೋ ಟಿಕ್‌ಟಾಕ್ ದೊಡ್ಡದೋ ಎಂಬ ಜಗಳದಲ್ಲಿ ಕ್ಯಾರಿಮಿನಾಟಿ ಎಂಬ ಯೂಟ್ಯೂಬರ್ ಹಾಕಿದ ವಿಡಿಯೊವನ್ನು ಕೆಲವೇ ದಿನಗಳಲ್ಲಿ ಕೋಟಿಗಟ್ಟಲೆ ಜನ ನೋಡಿದರು. ಕಿರುಕುಳದ ನಿಯಮ ಮೀರಿದೆ ಎಂದು ಯೂಟ್ಯೂಬ್ ಅದನ್ನು ತೆಗೆದುಹಾಕಿತು. ಸಲಿಂಗಿಗಳನ್ನು ಹೀಗಳೆಯುವ ಮಾತುಗಳಿವೆ ಎಂದು ಆಗ ಅನೇಕರು ಆಕ್ಷೇಪಿಸಿದ್ದರು. ಮರುತಿಂಗಳು 29ಕ್ಕೆ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಹಳ್ಳಿಯ ಹುಡುಗರು, ಬಣ್ಣ ಹಚ್ಚಿ ತುಟಿಯಾಡಿಸುತ್ತಿದ್ದವರು, ಎಲ್ಲರ ಅಂಗಡಿ ಒಂದೇ ರಾತ್ರಿಗೆ ಮುಚ್ಚಿತು. ಇಂಥ ಖ್ಯಾತಿಯ ಜಾಗದ ಪಟ್ಟೆ ಯಾರ ಹೆಸರಿನಲ್ಲೂ ಇರುವುದಿಲ್ಲ ಎಂದು ನಿಮ್ಮ ಹುಡುಗನಿಗೆ ಹೇಳಬೇಕಾದರೆ ಇದನ್ನೇ ಹೇಳಿ.

ಖ್ಯಾತಿಗೆ ಹೆಣ್ಣುವೇಷ ಹೊಸದೂ ಅಲ್ಲ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಉಟ್ಟ ಸೀರೆಯ ರೀತಿ, ಮುಡಿದ ಹೂವಿನ ರೀತಿಯನ್ನು ಮನೆಮನೆಯ ಹೆಂಗಸರು ಅನುಕರಿಸುತ್ತಿದ್ದರು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ಇನ್‌ಫ್ಲುಯೆನ್ಸರ್. ಅದೇ ವ್ಯಕ್ತಿ 1935ರಲ್ಲಿ ಪ್ರಭಾತ್ ಕಂಪನಿಯ ಚಿತ್ರದಲ್ಲಿ ಸಂತ ಏಕನಾಥರಾದರು, ಮತ್ತೆ ರಂಗಕ್ಕೇ ಮರಳಿದರು, ಐವತ್ತು ದಾಟಿದ ಮೇಲೂ ನಾಯಕಿಯಾಗಿ ನಿಂತರು. ಜನ ಒಮ್ಮೆ ಮೆಚ್ಚಿದ ರೂಪದಿಂದ ಹೊರಬರುವುದು ಅಂಥ ಗಂಧರ್ವರಿಗೇ ಕಷ್ಟವಾಗಿದ್ದರೆ ಹದಿನಾರರ ಹುಡುಗನ ಪಾಡೇನು? ನನಗೆ ಚಿಂತೆಯಿರುವುದು ಅವನ ಸೀರೆಯ ಬಗ್ಗೆ ಅಲ್ಲ, ಆ ಹನ್ನೊಂದು ಸಾವಿರದ ಬಗ್ಗೆ.

ಅವನು 'ಏನು' ಎಂಬ ಪ್ರಶ್ನೆಯನ್ನು ಮಾತ್ರ ನೀವು, ಭಾವ ಕುಳಿತು ತೀರ್ಮಾನಿಸಬೇಡಿ. ಒಬ್ಬರ ಲಿಂಗ ಗುರುತನ್ನು ಅವರೇ ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ನಾನು ಮದುವೆಯಾಗಿ ಮಗಳಿರುವ ಗಂಡಸು, ಸೀರೆ ನನಗೆ ವೇಷ. ನಮ್ಮದೇ ತಂಡದಲ್ಲಿದ್ದ ಇನ್ನೊಬ್ಬರಿಗೆ ಸೀರೆ ಬಿಚ್ಚಿದ ಮೇಲೆ ಹಾಕುತ್ತಿದ್ದ ಪ್ಯಾಂಟು ಶರ್ಟೇ ವೇಷವಾಗಿತ್ತು. ಈಗ ಅವರು ಬೆಂಗಳೂರಿನಲ್ಲಿ ಹೆಣ್ಣಾಗಿ ಬದುಕುತ್ತಿದ್ದಾರೆ. ಒಂದೇ ಚೌಕಿ, ಒಂದೇ ಬಣ್ಣದ ಪೆಟ್ಟಿಗೆ. ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ತನ್ನಂಥವರು ಬೇರೆಯೂ ಇದ್ದಾರೆಂದು ಅವರಿಗೆ ಮೊದಲು ಗೊತ್ತಾದದ್ದು ಯೂಟ್ಯೂಬಿನಲ್ಲಿ. ಇನ್‌ಫ್ಲುಯೆನ್ಸರ್‌ಗಳನ್ನು ಬೈಯುವಾಗ ನಾನು ಇದನ್ನೂ ನೆನಪಿಟ್ಟುಕೊಳ್ಳುತ್ತೇನೆ.

ಈಗ ಕೆಲಸದ ಮಾತು. ಮೊಬೈಲ್ ವಾಪಸ್ ಕೊಡಿಸಿ, ಬಚ್ಚಿಟ್ಟರೆ ಗೆಳೆಯನ ಮೊಬೈಲಿನಲ್ಲಿ ಇನ್ನೊಂದು ಖಾತೆ ತೆರೆಯುತ್ತಾನೆ, ಅದು ನಿಮಗೆ ತಿಳಿಯುವುದೂ ಇಲ್ಲ. ಬದಲಿಗೆ ಅವನ ಜೊತೆ ಕುಳಿತು ಖಾತೆಯನ್ನು ಖಾಸಗಿ ಮಾಡಿ, ಇಲ್ಲವೇ ಕಾಮೆಂಟ್ ಯಾರು ಹಾಕಬಹುದು ಎಂಬುದಕ್ಕೆ ಮಿತಿ ಹಾಕಿ. ಬೇಡದ ಪದಗಳಿರುವ ಕಾಮೆಂಟುಗಳನ್ನು ಮರೆಮಾಡುವ ಸೌಲಭ್ಯವಿದೆ, ಆದರೆ ನಮ್ಮ ಬೈಗುಳಗಳೆಲ್ಲ ಅದಕ್ಕೆ ಅರ್ಥವಾಗುವುದಿಲ್ಲ, ನಾವೇ ಬರೆದು ಕೊಡಬೇಕು. ಹೆಣ್ಣುವೇಷದವರನ್ನು ಹೀಗಳೆಯಲು ಬಳಸುವ 'ಒಂಬತ್ತು' ಎಂಬುದನ್ನು ನಾನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಸೇರಿಸಿದೆ. ಮರುದಿನ ಅವರು ಬರೀ 9 ಎಂಬ ಅಂಕಿ ಹಾಕತೊಡಗಿದರು. ಅದನ್ನೂ ಸೇರಿಸಿದೆ. ಆಮೇಲೆ ಪಾಪ, 'ಆಟ 9 ಗಂಟೆಗೋ ಹತ್ತಕ್ಕೋ' ಎಂದು ಕೇಳಿದ ಅಜ್ಜನೊಬ್ಬರ ಕಾಮೆಂಟು ವಾರಗಟ್ಟಲೆ ಕಾಣಿಸದೆ ಉಳಿಯಿತು. ಬೆದರಿಕೆ ಹಾಕಿದವರದ್ದನ್ನು ಮಾತ್ರ ಅಳಿಸಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು cybercrime.gov.in ಜಾಲತಾಣದಲ್ಲಿ ದೂರು ಕೊಡಿ ಅಥವಾ ಠಾಣೆಗೆ ಹೋಗಿ.

ಬಂಧುಗಳ ಗುಂಪಿನಲ್ಲಿ ನಕ್ಕವರ ಬಗ್ಗೆ ನೀವು ಏನೂ ಬರೆದಿಲ್ಲ. ಅಲ್ಲಿ ಒಂದು ಸಾಲು ಹಾಕಬೇಕಾದವರು ನೀವೇ, ಸೋದರಮಾವ.

ಇಡೀ ಪ್ರಕರಣದಲ್ಲಿ ನ್ಯಾಯವಾದ ದೂರು ನಿಮ್ಮ ಅಕ್ಕನದೊಂದೇ. ಮದುವೆಯ ಸೀರೆಯನ್ನು ಕೇಳದೆ ತೆಗೆದು ಅಂಚಿಗೆ ಪಿನ್ನು ಚುಚ್ಚಿದ್ದಾನಂತಲ್ಲ, ಅದಕ್ಕೆ ಬೈಸಿಕೊಳ್ಳಲೇಬೇಕು. ನನ್ನ ಅಮ್ಮನೂ ಹೀಗೇ ರೇಗಿದ್ದಳು. ಆಮೇಲೆ ಕಪಾಟಿನಿಂದ ಹಳೆಯ ಎರಡು ವಾಯಿಲ್ ಸೀರೆ ತೆಗೆದು ಮುಂದೆ ಎಸೆದು, 'ಇದರಲ್ಲಿ ಕಲಿ, ರೇಷ್ಮೆಯಲ್ಲಿ ನೆರಿಗೆ ಯಾರಿಗಾದರೂ ನಿಲ್ಲುತ್ತದೆ' ಎಂದಿದ್ದಳು.