ಬಳೆಗಾರರಿಗೆ ಮೊದಲು ಹೇಳಿ

(ಗಂಗಾವತಿ ತಾಲೂಕಿನ ಓದುಗರೊಬ್ಬರು ಎಂಟು ಪುಟದ ಪತ್ರ ಬರೆದಿದ್ದಾರೆ. ಹದಿನಾಲ್ಕು ವರ್ಷದ ಹಿಂದೆ, ಧರ್ಮರಕ್ಷಣೆಯ ಹೆಸರಿನ ಗುಂಪಿನಲ್ಲಿದ್ದಾಗ, ಮೆರವಣಿಗೆಯ ದಿನ ಬಳೆಗಾರರೊಬ್ಬರ ಅಂಗಡಿಗೆ ಬೆಂಕಿ ಹಚ್ಚಿ, ತಡೆಯಲು ಬಂದ ಅವರ ಬಲಗೈ ಮುರಿದಿದ್ದರು. ಸಾಕ್ಷಿಗಳು ತಿರುಗಿಬಿದ್ದು ಕೇಸು ಖುಲಾಸೆಯಾಯಿತು. ಈಗ ತಪ್ಪೊಪ್ಪಿಗೆಯನ್ನು ಹೆಸರು ಸಮೇತ ಪ್ರಕಟಿಸಿ ಎನ್ನುತ್ತಾರೆ. ಯಾರು ಯಾವ ಧರ್ಮದವರೆಂದು ಬರೆದರೆ ಊರಿಗೆ ಗುರುತು ಹತ್ತುತ್ತದೆ, ಬಿಟ್ಟಿದ್ದೇವೆ. –ಸಂ.)

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ‘ನಮ್ಮವ್ವಗ ಬಳಿ ಇಡಸ್ತಿದ್ದ ಮನಷ್ಯಾ ಸರ್, ನನ್ನ ಹೆಸರು ಹಿಡದು ಕೂಗಿದ, ಆದರೂ ಬಡಿಗಿ ಎತ್ತಿದೆ’ ಎಂಬ ಸಾಲು ದಾಟಿ ಮುಂದೆ ಹೋಗಲು ಪ್ರತಿ ಸಲವೂ ಹೊತ್ತು ಹಿಡಿಯಿತು. ಬಳೆ ಇಡಿಸುವುದು ಕೈಯ ಕಸುಬು. ಒಂದು ಕೈಯಲ್ಲಿ ಹೆಣ್ಣುಮಗಳ ಅಂಗೈಯನ್ನು ಒತ್ತಿ ಮೆತ್ತಗೆ ಮಾಡಿಕೊಂಡು, ಇನ್ನೊಂದರಲ್ಲಿ ಗಾಜು ಚಿಟ್ಟೆನ್ನದಂತೆ ಗೆಣ್ಣು ದಾಟಿಸಬೇಕು. ಅಂಗಡಿಯನ್ನು ಸಾಲ ಮಾಡಿ ಮತ್ತೆ ಕಟ್ಟಬಹುದು. ಆ ಕೈ ಮೊದಲಿನ ಹದಕ್ಕೆ ಬಂತೋ ಇಲ್ಲವೋ, ನೀವು ಬರೆದಿಲ್ಲ. ಬಹುಶಃ ನಿಮಗೆ ಗೊತ್ತಿಲ್ಲ. ಎಂಟು ಪುಟದ ತುಂಬ ನಿಮ್ಮ ನಿದ್ದೆಗೆಟ್ಟ ರಾತ್ರಿಗಳಿವೆ, ಅವರ ಒಂದು ಹಗಲೂ ಇಲ್ಲ.

ಆದ್ದರಿಂದ ನಿಮ್ಮ ಪತ್ರವನ್ನು ಈಗ ಅಚ್ಚು ಹಾಕುವುದಿಲ್ಲ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗ ಪಡೆಯಬಲ್ಲ ಎಂಬ ಮಾತು ಅದರಲ್ಲಿ ಬರುತ್ತದೆ. ಜಾತ್ರೆಗೆ ಹೋದವರು ನೀವು, ಆ ಬೆಟ್ಟವನ್ನು ನೋಡಿರುತ್ತೀರಿ. ಅದೇ ಅಶೋಕ ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸಾಗಿಸಲಾಯಿತು ಎಂದು 13ನೇ ಬಂಡೆ ಶಾಸನದಲ್ಲಿ ಪರಿತಪಿಸುತ್ತಾನೆ. ಬಳ್ಳಾರಿಯ ಆಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಆ ಶಾಸನವಿದೆ. ಗಿರ್ನಾರದಲ್ಲಿದೆ, ಪೇಶಾವರದ ಕಡೆಯ ಶಹಬಾಜಗಢಿಯಲ್ಲಿದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಇಲ್ಲ! ಅಲ್ಲಿಯ ಬಂಡೆಗಳಲ್ಲಿ ಅದನ್ನು ಬಿಟ್ಟು ಬೇರೆ ಶಾಸನ ಕೆತ್ತಿಸಿದ. ಕಾರಣವನ್ನು ಪಂಡಿತರು ಚರ್ಚಿಸಲಿ. ಯಾರ ಮನೆ ಉರಿಯಿತೋ ಅವರ ಊರಿನಲ್ಲಿ ಆ ಪಶ್ಚಾತ್ತಾಪ ಓದಲು ಸಿಗಲಿಲ್ಲ ಎಂಬುದು ನನ್ನನ್ನು ಬಹಳ ವರ್ಷದಿಂದ ಕಾಡಿದೆ. ನಮ್ಮ ಪತ್ರಿಕೆಯನ್ನು ನಿಮ್ಮ ಎರ್ರಗುಡಿ ಮಾಡಿಕೊಳ್ಳಬೇಡಿ.

ಗ್ಲಾಡಿಸ್ ಸ್ಟೇನ್ಸ್ ಹೆಸರು ಎತ್ತಿದ್ದೀರಿ. 1999ರಲ್ಲಿ ಗಂಡನನ್ನೂ ಇಬ್ಬರು ಎಳೆಯ ಗಂಡುಮಕ್ಕಳನ್ನೂ ಜೀಪಿನಲ್ಲಿ ಸುಟ್ಟವರನ್ನು ಆ ತಾಯಿ ಕ್ಷಮಿಸಿದರು, ನಿಜ. ಅದು ಅವರಾಗಿಯೇ ಕೊಟ್ಟದ್ದು. ಅದನ್ನು ತೋರಿಸಿ ಬಳೆಗಾರರ ಹತ್ತಿರ ಸಾಲ ವಸೂಲಿಗೆ ನಿಂತಂತೆ ನಿಲ್ಲಲಾಗದು.

ಇನ್ನೊಂದು ಮಾತು ಕಠಿಣವಾಗಿಯೇ ಹೇಳುತ್ತೇನೆ. ಕೋರ್ಟಿನಲ್ಲಿ ಬಳೆಗಾರರು ನಿಮ್ಮನ್ನು ಗುರುತಿಸಿದರು, ಅಕ್ಕಪಕ್ಕದ ಅಂಗಡಿಯವರು ‘ನಾವು ನೋಡಿಲ್ಲ’ ಎಂದರು. ಅವತ್ತಿನಿಂದ ಊರ ಬಾಯಲ್ಲಿ ಸುಳ್ಳುಗಾರ ಯಾರು? ಕೈ ಮುರಿದದ್ದಕ್ಕಿಂತ ಇದು ದೊಡ್ಡ ಏಟಾಗಿರಬಹುದು. ‘ನೀವು ಹೇಳಿದ್ದೇ ಖರೆ, ಹೊಡದಾವ ನಾನs’ ಎಂಬ ಮಾತು ಅವರಿಗೆ ನಿಮ್ಮಿಂದ ಬರಬೇಕಾದ ಬಾಕಿ. ಮತ್ತೆ ಕೇಸಾದೀತೆಂದು ಹೆದರಿದ್ದೀರಿ. ಖುಲಾಸೆ ಜಾರಿಯಲ್ಲಿರುವವರೆಗೆ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 337ನೇ ಕಲಂ ಇದನ್ನೇ ಹೇಳುತ್ತವೆ. ಆದರೂ ವಕೀಲರೊಬ್ಬರಿಗೆ ಎಲ್ಲ ಬಿಚ್ಚಿ ಹೇಳಿ ಕೇಳಿಕೊಳ್ಳಿ.

ದಿಢೀರನೆ ಅವರ ಬಾಗಿಲಿಗೆ ಹೋಗಬೇಡಿ. ನಿಮ್ಮನ್ನು ಕಂಡರೆ ಅವರಿಗೆ ಆ ಮೆರವಣಿಗೆಯೇ ಕಣ್ಣಿಗೆ ಕಟ್ಟೀತು. ಅವರು ನಂಬುವ, ಅವರ ಕಡೆಯ ಹಿರಿಯರೊಬ್ಬರ ಮೂಲಕ ಕೇಳಿಸಿ. ಒಲ್ಲೆ ಎಂದರೆ ಅಲ್ಲಿಗೆ ಬಿಡಿ. ಅಂಗಡಿಯ ಲುಕ್ಸಾನಿನ ಹಣ ಮಾತ್ರ ಅವರು ಒಪ್ಪುವ ದಾರಿಯಲ್ಲಿ, ಕಂತಿನಲ್ಲಾದರೂ ಮುಟ್ಟಲಿ. ಅದಕ್ಕೆ ಪ್ರತಿಯಾಗಿ ಒಂದು ಮಾತನ್ನೂ ಬೇಡಬೇಡಿ. ಬಡಿಗೆ ಕೊಟ್ಟು ಕಳಿಸಿದ ಮುಖಂಡರು ಈಗ ಹೊಸ ಹುಡುಗರನ್ನು ಕೂಡಿಸುತ್ತಿದ್ದಾರೆ ಎಂದಿದ್ದೀರಿ. ಆ ಹುಡುಗರ ಮನೆ ನಿಮಗೆ ಗೊತ್ತು. ಇವತ್ತೇ ಹೋಗಿ ಮಾತಾಡಿ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಪತ್ರ ನನ್ನ ಮೇಜಿನ ಖಾನೆಯಲ್ಲಿದೆ. ಬಳೆಗಾರರು ಒಪ್ಪಿದರೆ ತಿಳಿಸಿ, ಮೊದಲು ಅವರ ಮಾತು, ಅದರ ಕೆಳಗೆ ನಿಮ್ಮದು ಹಾಕುತ್ತೇನೆ. ಒಪ್ಪದಿದ್ದರೂ ಬರೆಯಿರಿ. ಅವರ ಕೈ ಹೇಗಿದೆ ಎಂದು ವಿಚಾರಿಸಿ ಬರೆಯಿರಿ.

–ಸಂಪಾದಕ