ಮಾಯಾ ನಾಡಿನ ಬಾವಿಗೆ ಇಳಿಯುವ ಮುನ್ನ

ಓದುಗರ ಪ್ರವಾಸ ಪ್ರಶ್ನೆಗಳಿಗೆ ಗದಗಿನ ನಿವೃತ್ತ ಭೂಗೋಳ ಉಪನ್ಯಾಸಕಿಯೊಬ್ಬರ ಉತ್ತರ

ಪ್ರಶ್ನೆ: ಮಗಳು, ಅಳಿಯ ಹ್ಯೂಸ್ಟನ್‌ನಲ್ಲಿದ್ದಾರೆ. ಡಿಸೆಂಬರ್ ರಜೆಯಲ್ಲಿ ನಮ್ಮಿಬ್ಬರನ್ನೂ ಮೆಕ್ಸಿಕೊದ ಕ್ಯಾಂಕೂನ್‌ಗೆ ಕರೆದುಕೊಂಡು ಹೋಗುತ್ತಾರಂತೆ. ಅಲ್ಲಿಂದ ಗೈಡ್ ಜೊತೆಗೆ ಒಂದು ದಿನದ ಬಸ್ ಪ್ರವಾಸ: ಚಿಚೆನ್ ಇಟ್ಸಾ ಎಂಬಲ್ಲಿ ಮಾಯಾ ಜನರ ಹಾಳು ನಗರ, ಮಧ್ಯಾಹ್ನದ ಊಟ, ಆಮೇಲೆ ‘ಸೆನೋಟೆ’ ಎಂಬ ನೈಸರ್ಗಿಕ ಬಾವಿಯಲ್ಲಿ ಈಜು. ನನಗೆ 63, ಯಜಮಾನರಿಗೆ 70. ಅವರಿಗೆ ಮೊಣಕಾಲು ನೋವು, ನನಗೆ ಈಜು ಬಾರದು. ಅದಕ್ಕಿಂತ ಹೆಚ್ಚಾಗಿ, ಅದು ನರಬಲಿ ಕೊಡುತ್ತಿದ್ದ ಬಾವಿ ಎಂದು ಮೊಮ್ಮಗ ಮೊಬೈಲ್‌ನಲ್ಲಿ ತೋರಿಸಿದ ಮೇಲೆ ಮನಸ್ಸು ಹಿಂಜರಿಯುತ್ತಿದೆ. ಇಳಿಯಬಹುದೇ?
— ನಿವೃತ್ತ ಶಿಕ್ಷಕಿ, ರಾಣೆಬೆನ್ನೂರು

ಉತ್ತರ: ಅಕ್ಕಾವರೇ, ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ಬಲಿಯ ಬಾವಿ ಬೇರೆ, ನೀವು ಇಳಿಯುವ ಬಾವಿ ಬೇರೆ. ಚಿಚೆನ್ ಇಟ್ಸಾದ ಆವರಣದೊಳಗಿರುವ ‘ಪವಿತ್ರ ಸೆನೋಟೆ’ಗೆ ಯಾರನ್ನೂ ಇಳಿಸುವುದಿಲ್ಲ, ದಂಡೆಯ ಮೇಲೆ ನಿಂತು ನೋಡಬಹುದು, ಅಷ್ಟೇ. ಈಜಿಗೆ ಕರೆದೊಯ್ಯುವುದು ಹೊರಗಿರುವ ಬೇರೊಂದಕ್ಕೆ. ಹೆಚ್ಚಿನ ಬಸ್ಸುಗಳು ಹತ್ತಿರದ ಇಕ್ ಕಿಲ್‌ಗೆ ಹೋಗುತ್ತವೆ. ಎರಡು ವರ್ಷದ ಹಿಂದೆ, ಜನವರಿಯಲ್ಲಿ, ನಾನು ಇಳಿದದ್ದೂ ಅಲ್ಲಿಯೇ. ನನಗೂ ಈಜು ಬಾರದು.

ಆದರೆ ಒಂದು ಮಾತು. ಆ ಬಲಿಯ ಬಾವಿಯನ್ನು ನೋಡದೆ ಬರಬೇಡಿ. ದೊಡ್ಡ ಪಿರಮಿಡ್ಡಿನ ಬಳಿಯಿಂದ ಉತ್ತರಕ್ಕೆ ಸುಮಾರು 300 ಮೀಟರ್ ನಡೆದರೆ ಅದು ಸಿಗುತ್ತದೆ. ಬಿಸಿಲಿಗೆ ಸೋತ ಪ್ರವಾಸಿಗರು ಬಹಳ ಮಂದಿ ಅಲ್ಲಿಯವರೆಗೆ ಹೋಗುವುದೇ ಇಲ್ಲ, ಗೈಡ್‌ಗಳೂ ಒತ್ತಾಯಿಸುವುದಿಲ್ಲ. ಆ ಊರಿನ ಹೆಸರಿನ ಅರ್ಥವೇ ‘ಇಟ್ಸಾ ಜನರ ಬಾವಿಯ ಬಾಯಿ’. ಬಾವಿ ನೋಡದೆ ಊರು ನೋಡಿದಂತಾಗುವುದಿಲ್ಲ.

ಏಕೆಂದು ಹೇಳುತ್ತೇನೆ. ಚಿಚೆನ್ ಇಟ್ಸಾ ಇರುವ ಯುಕಟಾನ್ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ಒಂದು ನದಿಯೂ ಇಲ್ಲ. ತುಂಗಭದ್ರೆ, ವರದೆ, ಕುಮದ್ವತಿಯ ನಡುವೆ ಇರುವ ನಿಮಗೆ ಇದನ್ನು ಊಹಿಸುವುದು ಕಷ್ಟ. ಅಲ್ಲಿಯದು ಸುಣ್ಣಕಲ್ಲಿನ ನೆಲ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಒಳಗಿಳಿದು, ನೆಲದಡಿ ಗುಹೆ, ಸುರಂಗ ಕೊರೆದು ಅಲ್ಲೇ ಹರಿಯುತ್ತದೆ. ಎಲ್ಲೋ ಒಂದು ಕಡೆ ಗುಹೆಯ ಚಾವಣಿ ಕುಸಿದರೆ ಆಕಾಶಕ್ಕೆ ಬಾಯಿ ತೆರೆದ ದುಂಡನೆಯ ಬಾವಿ ಹುಟ್ಟುತ್ತದೆ. ಮಾಯಾ ಭಾಷೆಯ ‘ತ್ಸೊನೊತ್’ ಸ್ಪ್ಯಾನಿಷರ ಬಾಯಲ್ಲಿ ‘ಸೆನೋಟೆ’ ಆಯಿತು. ಇಂತಹವು ಆ ನಾಡಿನಲ್ಲಿ ಸಾವಿರಗಟ್ಟಲೆ ಇವೆ. ಎಲ್ಲವೂ ಉಲ್ಕೆ ಬಿದ್ದು ಆದ ಗುಂಡಿಗಳು ಎಂದು ಬಸ್ಸಿನಲ್ಲಿ ಹೇಳಿದರೆ ನಂಬಬೇಡಿ. 6.6 ಕೋಟಿ ವರ್ಷಗಳ ಹಿಂದೆ ಚಿಕ್ಷುಲುಬ್ ಬಳಿ ಬಿದ್ದ ಆಕಾಶಕಾಯ ಸುಮಾರು 180 ಕಿಲೋಮೀಟರ್ ಅಗಲದ ಕುಳಿ ಮಾಡಿತು, ಇಂದು ಹೂತುಹೋಗಿರುವ ಅದರ ಅಂಚಿನ ಗುಂಟ ಬಾವಿಗಳ ಸಾಲು ಕಮಾನಿನಂತೆ ನಿಂತಿದೆ ಎಂಬುದು ನಿಜ. ಆದರೆ ನೀವು ಹೋಗುವ ಬಾವಿ ಆ ಸಾಲಿನದಲ್ಲ. ಅದು ಮಳೆ ಮತ್ತು ಸುಣ್ಣಕಲ್ಲು ಸೇರಿ ಮಾಡಿದ್ದು.

ನದಿಯಿಲ್ಲದ ಊರಿನಲ್ಲಿ ಮಳೆ ತಡವಾದರೆ ಏನಾಗುತ್ತದೆ? ನಾನು ಗದಗಿನಲ್ಲಿ ನಲ್ಲಿಯ ನೀರಿಗೆ ದಿನ ಎಣಿಸುತ್ತಾ, ಕೊಡ ಹೊತ್ತು ಬೆಳೆದವಳು. ಬರದ ವರ್ಷ ಮನೆಯ ಹಿರಿಯರ ಮುಖ ಹೇಗಿರುತ್ತದೆ ಎಂದು ನೋಡಿದ್ದೇನೆ. ಮಾಯಾ ಜನರ ಮಳೆದೇವರು ಚಾಕ್. ಅವನು ವಾಸಿಸುವುದು ಇಂತಹ ನೀರಿನಾಳದಲ್ಲಿ ಎಂದು ಅವರ ನಂಬಿಕೆ. ಅದಕ್ಕೇ ಆ ಬಾವಿಗೆ ಧೂಪದ ರಾಳ, ಪಚ್ಚೆಕಲ್ಲು, ಬಂಗಾರ ಅರ್ಪಿಸಿದರು; ಮನುಷ್ಯರನ್ನೂ ಅರ್ಪಿಸಿದರು. ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್ 1904ರಿಂದ ಆ ಬಾವಿಯ ಕೆಸರನ್ನು ಯಂತ್ರದಿಂದ ಎತ್ತಿಸಿದಾಗ ಇವೆಲ್ಲವೂ ಹೊರಬಂದವು. ಸಿಕ್ಕ ವಸ್ತುಗಳನ್ನು ಅವನು ತನ್ನ ದೇಶದ ವಸ್ತುಸಂಗ್ರಹಾಲಯಕ್ಕೆ ಸಾಗಿಸಿದ. ಒಂದಿಷ್ಟು ಮಾತ್ರ ಮರಳಿ ಬಂದಿವೆ.

ಗೈಡ್ ನಿಮಗೆ ಸುಂದರ ಕನ್ಯೆಯರ ಬಲಿಯ ಕಥೆ ಹೇಳಬಹುದು. ಎಲುಬುಗಳು ಹೇಳುವ ಕಥೆ ಬೇರೆ. ಬಾವಿಯಲ್ಲಿ ಸಿಕ್ಕವರಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದಾರೆ. ಆ ಬಾವಿಯ ಹತ್ತಿರದ ನೆಲದಡಿಯ ಕೋಣೆಯೊಂದರಲ್ಲಿ 1967ರಲ್ಲಿ ಮಕ್ಕಳ ಎಲುಬುಗಳ ರಾಶಿ ಸಿಕ್ಕಿತ್ತು. ಅವುಗಳಲ್ಲಿ 64 ಮಕ್ಕಳ ವಂಶವಾಹಿಯ ಪರೀಕ್ಷೆಯ ಫಲಿತಾಂಶ 2024ರಲ್ಲಿ ಪ್ರಕಟವಾಯಿತು: ಅಷ್ಟೂ ಗಂಡುಮಕ್ಕಳು, ಹಲವರು ಪರಸ್ಪರ ಹತ್ತಿರದ ರಕ್ತಸಂಬಂಧಿಗಳು, ಎರಡು ಜೋಡಿ ಅವಳಿಗಳು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಆದರೂ ಅವರನ್ನು ಕ್ರೂರಿಗಳೆಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ. ಕೆರೆಗೆ ನೀರು ಬರಲೆಂದು ಕಿರಿಯ ಸೊಸೆಯನ್ನು ಬಲಿಕೊಟ್ಟ ಕಥೆಯನ್ನು ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ ಅಜ್ಜಿಯರ ಮೊಮ್ಮಕ್ಕಳು ನಾವು. ನೀರಿಲ್ಲದ ಭಯ ಮನುಷ್ಯನಿಂದ ಏನು ಮಾಡಿಸುತ್ತದೆ ಎಂದು ನಮಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಆ ದಂಡೆಯ ಮೇಲೆ ಹಸಿರುಗಟ್ಟಿದ ನೀರನ್ನು ನೋಡುತ್ತಾ ಎರಡು ನಿಮಿಷ ಸುಮ್ಮನೆ ನಿಲ್ಲಿ, ಅಕ್ಕಾವರೇ.

ಇನ್ನು ಮೊಣಕಾಲಿನ ವಿಷಯ. ಪಿರಮಿಡ್ ಹತ್ತಲು 2006ರಿಂದ ಯಾರಿಗೂ ಅನುಮತಿಯಿಲ್ಲ, ಆದ್ದರಿಂದ ಯಜಮಾನರು ಕೆಳಗೆ ಉಳಿದರು ಎಂಬ ಬೇಸರ ಬೇಡ. ನೆಲ ಬಹುಮಟ್ಟಿಗೆ ಸಮತಟ್ಟು, ಆದರೆ ನಡಿಗೆ ಸಾಕಷ್ಟಿದೆ, ನೆರಳು ಕಡಿಮೆ. ಛತ್ರಿ, ಕುಡಿಯುವ ನೀರು, ಬಲವಾದ ಚಪ್ಪಲಿ ಇರಲಿ. ಪಿರಮಿಡ್ಡಿನ ನಾಲ್ಕು ಬದಿಗೂ 91ರಂತೆ ಮೆಟ್ಟಿಲುಗಳು. ಒಟ್ಟು 364, ಮೇಲಿನ ಜಗಲಿಯನ್ನು ಸೇರಿಸಿದರೆ 365. ವರ್ಷವನ್ನು ಕಲ್ಲಿನಲ್ಲಿ ಎಣಿಸಿಟ್ಟಿದ್ದಾರೆ. ಮೆಟ್ಟಿಲಿನ ಎದುರು ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಮರಳಿ ಬರುವ ಸದ್ದು ಚಪ್ಪಾಳೆಯದಲ್ಲ, ಹಕ್ಕಿಯ ಚಿಲಿಪಿಲಿ. ಮಾಯಾ ಜನ ಪೂಜ್ಯವೆಂದು ಕಂಡ ಕೆಟ್ಸಾಲ್ ಹಕ್ಕಿಯ ಕೂಗಿನಂತೆಯೇ ಅದು ಎನ್ನುತ್ತಾರೆ. ನಮ್ಮ ಯಜಮಾನರು ಆರು ಸಲ ತಟ್ಟಿದರು. ಪಕ್ಕದ ಚೆಂಡಾಟದ ಅಂಗಳ 168 ಮೀಟರ್ ಉದ್ದ. ಗೋಡೆಯ ಮೇಲೆ ಎತ್ತರದಲ್ಲಿರುವ ಕಲ್ಲಿನ ಬಳೆಗಳನ್ನು ಮರೆಯದೆ ನೋಡಿ.

ಇಕ್ ಕಿಲ್‌ನಲ್ಲಿ ಯೋಚಿಸಬೇಕಾದದ್ದು ಮೆಟ್ಟಿಲು. ನೀರು ನೆಲದಿಂದ ಸುಮಾರು 26 ಮೀಟರ್ ಕೆಳಗಿದೆ. ಬಂಡೆಯಲ್ಲಿ ಕೊರೆದ ಮೆಟ್ಟಿಲುಗಳು ಜನರ ಒದ್ದೆ ಕಾಲಿನಿಂದ ಜಾರುತ್ತವೆ, ಹತ್ತುವಾಗ ಎದೆ ಏರಿಳಿಯುತ್ತದೆ. ಯಜಮಾನರು ಮೇಲಿನ ಕಟಾಂಜನದ ಬಳಿ ನಿಂತು ನೋಡಲಿ. ಅಲ್ಲಿಂದ ಇಡೀ ಬಾವಿ ಕಾಣುತ್ತದೆ. ನೀವು ಇಳಿಯಿರಿ. ಲೈಫ್ ಜಾಕೆಟ್ ಕೊಡುತ್ತಾರೆ; ಹಾಕಿಕೊಂಡಿದ್ದರೆ ಮುಳುಗುವ ಮಾತಿಲ್ಲ, ಆದರೆ ಎದೆಯ ಪಟ್ಟಿಯನ್ನು ನೀವೇ ಬಿಗಿದು ನೋಡಿಕೊಳ್ಳಿ. ಸೀರೆಯಲ್ಲಿ ಇಳಿಯಬೇಡಿ, ನೆನೆದ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈಗೆ ಅಂಟುವ ತೆಳು ಬಟ್ಟೆಯ ತುಂಬುತೋಳಿನ ಅಂಗಿ ಮತ್ತು ಲೆಗ್ಗಿಂಗ್ಸ್ ಸಾಕು. ಆಳ ಸುಮಾರು 40 ಮೀಟರ್ ಎನ್ನುತ್ತಾರೆ, ಅದನ್ನು ನೆನೆಯುತ್ತಾ ಕೂರಬೇಡಿ. ನೀರು ಮೊದಲು ತಣ್ಣಗೆ ಕೊರೆಯುತ್ತದೆ, ಎರಡು ನಿಮಿಷಕ್ಕೆ ಮೈ ಒಗ್ಗುತ್ತದೆ.

ಇಳಿಯುವ ಮೊದಲು ಎಲ್ಲರೂ ಸ್ನಾನ ಮಾಡಬೇಕು, ಮೈಗೆ ಎಣ್ಣೆ, ಬಿಸಿಲಿನ ಕ್ರೀಮು ಏನೂ ಇರಬಾರದು. ಕೆಲವರು ಇದಕ್ಕೆ ಗೊಣಗುತ್ತಾರೆ. ಆ ನೆಲದಡಿಯ ನೀರೇ ಇಡೀ ನಾಡಿನ ಕುಡಿಯುವ ನೀರು. ಒಂದು ಬಾವಿಗೆ ಬಿದ್ದದ್ದು ಸುರಂಗದ ಗುಂಟ ಎಲ್ಲೆಲ್ಲಿಗೋ ಹೋಗುತ್ತದೆ. ಹಿಂದೆ ಸೇದುವ ಬಾವಿಯ ಕಟ್ಟೆಯ ಮೇಲೆ ಚಪ್ಪಲಿ ಇಟ್ಟರೆ ನಮ್ಮ ಅವ್ವ ಬೈಯುತ್ತಿದ್ದಳು. ಅದೇ ಎಚ್ಚರ ಇದು. ಚೆನ್ನಾಗಿ ತಿಕ್ಕಿ ತೊಳೆದುಕೊಂಡು ಇಳಿಯಿರಿ.

ನಾನು ಹಗ್ಗ ಹಿಡಿದು ತೇಲುತ್ತಾ ಮೇಲೆ ನೋಡಿದೆ. ದುಂಡನೆಯ ಆಕಾಶ. ಅಂಚಿನಿಂದ ನೀರಿನವರೆಗೆ ಇಳಿಬಿದ್ದ ಮರದ ಬೇರುಗಳು, ಅವುಗಳ ತುದಿಯಿಂದ ಹನಿ ಹನಿ ನೀರು. ಕಾಲಿನ ಕೆಳಗೆ ಕಪ್ಪು ಮೀನುಗಳು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಸುಣ್ಣಕಲ್ಲಿನ ಭೂರೂಪಗಳ ಚಿತ್ರ ಬರೆದು ಪಾಠ ಮಾಡಿದ್ದೆ. ಅಂದು ನಾನೇ ಆ ಚಿತ್ರದೊಳಗಿದ್ದೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಇಂತಹ ಪ್ರವಾಸದ ಊಟದಲ್ಲಿ ನಮಗೆ ಏನು ಸಿಗುತ್ತದೆ? ಖಾರ ಹೇಗೆ?
— ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ನಿಮ್ಮ ಅಂಗಡಿಯ ಸರಕಿನ ತವರಿಗೇ ಹೋಗುತ್ತಿದ್ದೀರಿ. ಮೆಣಸಿನಕಾಯಿಯನ್ನು ಮೊದಲು ಬೆಳೆಸಿ ಪಳಗಿಸಿದ್ದು ಮೆಕ್ಸಿಕೊದ ಜನ. ಪೋರ್ಚುಗೀಸರು ಅದನ್ನು ನಮ್ಮ ಕರಾವಳಿಗೆ ತಂದರು. ಬ್ಯಾಡಗಿಯದು ಬಣ್ಣಕ್ಕೆ ಹೆಸರು, ಖಾರ ಮೆದು. ಯುಕಟಾನ್‌ನ ಹಬನೆರೊ ಕಾಯಿ ನೋಡಲು ಪುಟ್ಟ, ದುಂಡಗೆ, ಕಿತ್ತಳೆ ಬಣ್ಣ; ಅದರ ಚಟ್ನಿಯನ್ನು ಬೆರಳ ತುದಿಯಷ್ಟು ಮಾತ್ರ ಹಾಕಿಕೊಳ್ಳಿ. ಗೋವಿನಜೋಳದ ತವರೂ ಅದೇ. ಮನುಷ್ಯನನ್ನು ದೇವರು ಗೋವಿನಜೋಳದ ಹಿಟ್ಟಿನಿಂದ ಮಾಡಿದ ಎಂದು ಮಾಯಾ ಜನ ನಂಬಿದ್ದರು. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಅರೆದು, ತಟ್ಟಿ, ಬಿಸಿ ಹಂಚಿನ ಮೇಲೆ ಸುಡುವ ತೋರ್ತಿಯಾವನ್ನು ನೋಡಿದರೆ ನಿಮ್ಮ ಮನೆಯವರಿಗೆ ರೊಟ್ಟಿ ಬಡಿಯುವುದು ನೆನಪಾಗುತ್ತದೆ.

ಎಚ್ಚರ ಬೇಕಾದದ್ದು ಕಪ್ಪು ಅವರೆಯಂತಹ ಕಾಳಿನ ಪಲ್ಯದ ವಿಷಯದಲ್ಲಿ. ಅದಕ್ಕೆ ಹಂದಿಯ ಕೊಬ್ಬು ಹಾಕುವ ರೂಢಿಯಿದೆ. ನಿಂಬೆಯ ಸಾರು ಎಂದು ಕೊಡುವುದು ಕೋಳಿಯ ಸಾರು. ‘ಸಿನ್ ಕಾರ್ನೆ, ಸಿನ್ ಮಾಂತೇಕಾ’ ಎಂದು ಹೇಳಿ. ಮಾಂಸ ಬೇಡ, ಕೊಬ್ಬು ಬೇಡ ಎಂದರ್ಥ. ಬಸ್ ಹತ್ತುವಾಗಲೇ ಗೈಡ್‌ಗೆ ತಿಳಿಸಿಬಿಡಿ. ಅನ್ನ, ತೋರ್ತಿಯಾ, ಹಣ್ಣು, ಬೆಣ್ಣೆಹಣ್ಣಿನ ಚಟ್ನಿ ಖಂಡಿತ ಸಿಗುತ್ತವೆ. ನಾವು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದೆವು. ಶೇಂಗಾ ಕೂಡ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು ಎಂದು ಹೇಳಿದಾಗ ನಮ್ಮ ಗೈಡ್ ಒಂದು ಚಿಟಿಕೆ ಕೇಳಿ ತಿಂದರು.

ಪ್ರಶ್ನೆ: ಗೈಡ್ ಇರುವ ಬಸ್ ಪ್ರವಾಸ ಒಳ್ಳೆಯದೋ, ನಾವೇ ಹೋಗುವುದೋ? ಮೆಕ್ಸಿಕೊಗೆ ಬೇರೆ ವೀಸಾ ಬೇಕೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಹಿರಿಯರು ಜೊತೆಗಿದ್ದರೆ ಗೈಡ್ ಇರಲಿ, ಆದರೆ ಕಾಯ್ದಿರಿಸುವ ಮೊದಲು ಒಂದೇ ಪ್ರಶ್ನೆಯನ್ನು ಬಿಡದೆ ಕೇಳಿ: ಅವಶೇಷಗಳಲ್ಲಿ ಎಷ್ಟು ಹೊತ್ತು? ಕ್ಯಾಂಕೂನ್‌ನಿಂದ ಸುಮಾರು 200 ಕಿಲೋಮೀಟರ್ ದಾರಿ. ನಮ್ಮ ಬಸ್ಸಿನವರು ದಾರಿಯಲ್ಲಿ ಕರಕುಶಲ ವಸ್ತುಗಳ ಅಂಗಡಿಯೊಂದರಲ್ಲಿ ಐವತ್ತು ನಿಮಿಷ ಕೂರಿಸಿದರು. ನಾವು ನಗರ ಮುಟ್ಟುವಾಗ ಬಿಸಿಲು ನೆತ್ತಿಯ ಮೇಲಿತ್ತು, ಉಳಿದದ್ದು ಒಂದೂವರೆ ಗಂಟೆ. ಆ ಐವತ್ತು ನಿಮಿಷ ನನಗೆ ಇಂದಿಗೂ ನೋವು ಕೊಡುತ್ತದೆ. ಬಾಗಿಲು ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ, ಆ ಹೊತ್ತಿಗೆ ಮುಟ್ಟಿಸುವ ಪ್ರವಾಸ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಹಿಡಿಯಿರಿ. ಪ್ರವೇಶ ಶುಲ್ಕ ಎರಡು ಭಾಗವಾಗಿ ಇರುತ್ತದೆ, ಎರಡೂ ಸೇರಿದೆಯೇ ಎಂದು ಕೇಳಿ. ಕ್ಯಾಂಕೂನ್‌ನ ಗಡಿಯಾರಕ್ಕಿಂತ ಚಿಚೆನ್ ಇಟ್ಸಾದ ಗಡಿಯಾರ ಒಂದು ಗಂಟೆ ಹಿಂದೆ. ಬಸ್ ಹೊರಡುವ ಸಮಯವನ್ನು ಯಾವ ಗಡಿಯಾರದಲ್ಲಿ ಹೇಳಿದರು ಎಂದು ಖಚಿತ ಮಾಡಿಕೊಳ್ಳಿ.

ವೀಸಾದ ಬಗ್ಗೆಯೂ ಕೇಳಿದ್ದೀರಿ. ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೊ ಪ್ರವಾಸಕ್ಕೆ ಬೇರೆ ವೀಸಾ ಬೇಡ. ಹೊರಡುವ ವಾರ ರಾಯಭಾರ ಕಚೇರಿಯ ಪ್ರಕಟಣೆಯನ್ನು ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನನಗೆ ಅಷ್ಟು ದೂರ ಹೋಗುವ ಹಣವಿಲ್ಲ. ಹತ್ತಿರದಲ್ಲಿ ಇಂತಹದ್ದು ಏನಾದರೂ ಇದೆಯೇ?
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದೆ ಮಗಳೇ. ಭಾನುವಾರ ಬೆಳಗಿನ ಬಸ್ಸಿಗೆ ಗದಗಕ್ಕೆ ಬಾ, ಅಲ್ಲಿಂದ ಲಕ್ಕುಂಡಿ 12 ಕಿಲೋಮೀಟರ್. ಅತ್ತಿಮಬ್ಬೆ 1007ರಲ್ಲಿ ಅಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಕಾಲದಲ್ಲಿ ಆ ಕಡೆ ಚಿಚೆನ್ ಇಟ್ಸಾ ಕೂಡ ದೊಡ್ಡ ನಗರವಾಗಿತ್ತು. ಅಲ್ಲಿ ನೆಲ ತಾನೇ ಬಾಯಿ ತೆರೆದು ನೀರು ತೋರಿಸಿತು. ನಮ್ಮದು ಗಟ್ಟಿ ಕಲ್ಲಿನ ನೆಲ. ಇಲ್ಲಿ ನೀರಿನವರೆಗೆ ಮನುಷ್ಯರೇ ಕಡಿದು, ಮೆಟ್ಟಿಲು ಕಟ್ಟಿ, ಪ್ರತಿ ಬದಿಗೂ ಪುಟ್ಟ ಗುಡಿಗಳನ್ನು ಕೂರಿಸಿ ಇಳಿಯಬೇಕಾಯಿತು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರು ಹೇಳುತ್ತಾರೆ. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯಿಂದ ಆರಂಭಿಸು. ಕೊನೆಯ ಮೆಟ್ಟಿಲಲ್ಲಿ ಕುಳಿತು ಮೇಲೆ ನೋಡು. ಇಲ್ಲಿ ಆಕಾಶ ಚೌಕವಾಗಿ ಕಾಣುತ್ತದೆ.

ನಮ್ಮ ಗೈಡ್ ಮಾಯಾ ಹಳ್ಳಿಯವರು. ಚಾಲಕನ ಜೊತೆ ಅವರು ಆಡುತ್ತಿದ್ದದ್ದು ತಮ್ಮ ಯುಕಟೆಕ್ ಮಾಯಾ ಭಾಷೆ. ಇಂದಿಗೂ ಲಕ್ಷಾಂತರ ಜನ ಅದನ್ನು ಮಾತನಾಡುತ್ತಾರೆ. ಅದರಲ್ಲಿ ಕ್ಷೇಮ ಕೇಳುವಾಗ ‘ಬಿಶ್ ಅ ಬೇಲ್’ ಎನ್ನುತ್ತಾರೆ. ನಿನ್ನ ದಾರಿ ಹೇಗಿದೆ ಎಂದು. ಲಕ್ಕುಂಡಿಗೆ ಹೋಗಿ ಬಂದ ಮೇಲೆ ನನಗೆ ಪತ್ರ ಬರೆ, ನಿನ್ನ ದಾರಿ ಹೇಗಿತ್ತು ಎಂದು ತಿಳಿಸು.