ಸೈಕಲ್ ಹೊಡೆದರೆ ಪರಿಸರದ ಅರಿವು ಬರುತ್ತದೆಯೇ?

ಓಟ, ಸೈಕಲ್, ಚಾರಣ ಎಂದು ಬಯಲಿನಲ್ಲಿ ಬೆವರು ಹರಿಸುವವರಿಗೆ ಪರಿಸರದ ಅರಿವು ಉಳಿದವರಿಗಿಂತ ಹೆಚ್ಚೇ ಎಂದು ಕೇಳಿದ್ದೀರಿ. ಹುಬ್ಬಳ್ಳಿಯಲ್ಲಿ ಆರು ವರ್ಷಗಳಿಂದ ಸೈಕಲ್ ಹೊಡೆಯುತ್ತಿದ್ದೇನೆ. ನನ್ನ ಮಟ್ಟಿಗೆ ಅದು ಅರ್ಧ ನಿಜ. ಮೈಗೆ ತಾಗಿದ್ದು ಚೆನ್ನಾಗಿ ಗೊತ್ತಾಗುತ್ತದೆ, ತಾಗದ್ದು ಕಣ್ಣೆದುರಿಗಿದ್ದರೂ ಗೊತ್ತಾಗುವುದಿಲ್ಲ.

ಮೊದಲು ತಾಗಿದ್ದು ಗಾಳಿ. ಒಂದು ಜುಲೈ ತಿಂಗಳಲ್ಲಿ ಗದಗದವರೆಗಿನ ಸುಮಾರು 58 ಕಿ.ಮೀ. ಸರಾಗವಾಗಿ ಮುಗಿಸಿ, ಕಾಲಿಗೆ ಇಷ್ಟು ಕಸುವು ಯಾವಾಗ ಬಂತೆಂದು ಬೀಗಿದ್ದೆ. ಮರಳುವಾಗ ತಿಳಿಯಿತು, ಆ ಕಸುವು ಮುಂಗಾರಿನ ಪಡುವಣ ಗಾಳಿಯದು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ನನ್ನನ್ನು ಅಣ್ಣಿಗೇರಿಯ ಚಹಾದಂಗಡಿಯಲ್ಲಿ ಒಂದು ತಾಸು ಕೂರಿಸಿತು. ಆಮೇಲೆ ಮಣ್ಣು. ಮಳೆ ಬಿದ್ದ ಎರೆಹೊಲದ, ಅಂದರೆ ಅಂಟುವ ಕಪ್ಪು ಮಣ್ಣಿನ ಹೊಲದ, ದಾರಿಗೆ ಇಳಿದರೆ ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ತಿರುಗುವುದೇ ಇಲ್ಲ, ಸೈಕಲ್ಲನ್ನು ಹೆಗಲಿಗೇರಿಸಬೇಕು. ಕೆಂಪು ಮಣ್ಣಿನ ಮಸಾರಿಯಲ್ಲಿ ಆ ಕಾಟವಿಲ್ಲ. ಯಾವ ಹೊಲ ಎರೆ, ಯಾವುದು ಮಸಾರಿ ಎಂಬುದನ್ನು ನಮ್ಮ ಅಜ್ಜ ಹೇಳಿದಾಗ ಕಿವಿಗೆ ಹಾಕಿಕೊಳ್ಳದ ನಾನು ಟೈರಿನಿಂದ ಕಲಿತೆ.

ಇನ್ನು ತಾಗದೇ ಹೋದದ್ದು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಪಕ್ಕದಲ್ಲಿ ಎರಡು ಚಳಿಗಾಲ ಹಾದುಹೋಗಿದ್ದೆ. ಕಣ್ಣು ವೇಗ ತೋರಿಸುವ ಮೀಟರಿನ ಮೇಲೆ. ಮೂರನೆಯ ವರ್ಷ ಅಲ್ಲಿಯೇ ಪಂಕ್ಚರ್ ಆಯಿತು. ಬಳ್ಳಾರಿ ಜಾಲಿಯ ಮುಳ್ಳು. ಅದರ ತುದಿ ಟೈರಿನೊಳಗೇ ಮುರಿದು ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಳಮೈಗೆ ಬೆರಳಾಡಿಸಿ ಹುಡುಕಬೇಕು, ಇಲ್ಲವಾದರೆ ಹೊಸ ಟ್ಯೂಬಿಗೂ ಅದೇ ಗತಿ. ಹಾಗೆ ತಡಕಾಡುತ್ತಿದ್ದಾಗ ಒಬ್ಬ ಕುರಿಗಾಹಿ ಬಂದು ನಿಂತರು. ಕುರಿಗಳು ಇದರ ಕಾಯಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಗಿಡ ಏಳುತ್ತದೆ ಎಂದರು. ಅಮೆರಿಕ ಖಂಡದಿಂದ ಬಂದ ಗಿಡ ನಮ್ಮ ಹಾಳು ಹೊಲಗಳನ್ನು ಆವರಿಸಿದ ಬಗೆ ಆಗ ಅರ್ಥವಾಯಿತು. ‘ಹಕ್ಕಿ ನೋಡಲು ಬಂದಿರೇನು?’ ಎಂದು ಕೇಳಿದರು. ಯಾವ ಹಕ್ಕಿ ಎಂದು ತಲೆಯೆತ್ತಿದರೆ ನೀರಿನ ತುಂಬ ಬಾತುಗಳು! ಬಿಳಿ ತಲೆ, ಅದರ ಹಿಂಬದಿಗೆ ಎರಡು ಕಪ್ಪು ಪಟ್ಟೆ. ಯಾರೋ ಸಾಕಿದವು ಎಂದುಕೊಂಡೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅವು ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು. 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಅರಿವಿದ್ದವರು ಜವಾಬ್ದಾರಿಯಿಂದ ನಡೆದುಕೊಳ್ಳುತ್ತಾರೆ ಎಂದೂ ಭಾವಿಸಬೇಡಿ. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ್ದಾರೆ. ಅದರ ಔಷಧೀಯ ಸಸ್ಯಗಳ ಬಗ್ಗೆ ದಾರಿಯುದ್ದಕ್ಕೂ ಭಾಷಣ ಮಾಡಿದ ನಮ್ಮ ಗುಂಪಿನವರೇ ಗುಡ್ಡದ ಬುಡದಲ್ಲಿ ಚಿಕ್ಕಿ ತಿಂದು ಪ್ಲಾಸ್ಟಿಕ್ ಹಾಳೆಯನ್ನು ಗಾಳಿಗೆ ಬಿಟ್ಟರು. ನಾನೂ ಅವರೊಂದಿಗೆ ತಿಂದಿದ್ದೆ. ನನ್ನ ಹಾಳೆ ಎಲ್ಲಿ ಹೋಯಿತೋ ನೆನಪಿಲ್ಲ.

ಮಾಗಡಿಗೆ ಹೋಗುವುದಿದ್ದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ. ಬೆಳಿಗ್ಗೆ ಹೆಬ್ಬಾತುಗಳು ಹೊಲಗಳಲ್ಲಿ ಮೇಯ್ದು ಕೆರೆಗೆ ಮರಳುವ ಹೊತ್ತಿಗೆ ಅಲ್ಲಿರಿ. ಜೊತೆಗೆ ಎರಡು ಟ್ಯೂಬ್ ಇಟ್ಟುಕೊಳ್ಳಿ, ಒಂದು ಸಾಲುವುದಿಲ್ಲ.